ಸೌದೆ ಮಿಷನ್ನಿಗೆ ಶುಭದ ಮಾತು ತಿಳಿಯಲಿಲ್ಲ

ನಮ್ಮ ಅತ್ತೆಯ ಮನೆಯಲ್ಲಿ ಯಾವುದೂ ಮುಗಿಯುತ್ತಿರಲಿಲ್ಲ. ಉಪ್ಪು ಖಾಲಿಯಾದರೆ ಅದು ‘ಹೆಚ್ಚಿತು’. ಬಳೆ ಒಡೆದರೆ ಅದೂ ‘ಹೆಚ್ಚಿತು’. ಬಾಗಿಲನ್ನು ಮುಚ್ಚುವ ಹಾಗಿರಲಿಲ್ಲ, ‘ಮುಂದೆ ಮಾಡ’ಬೇಕಿತ್ತು. ದೀಪ ಆರಿಸುವ ಮಾತಂತೂ ಇಲ್ಲವೇ ಇಲ್ಲ. ಮಲಗುವ ಹೊತ್ತಿಗೆ ಅತ್ತೆ ಚಾಪೆಯ ಮೇಲಿಂದಲೇ “ದೀಪ ದೊಡ್ಡದು ಮಾಡಮ್ಮೀ” ಎನ್ನುವರು. ಊದಿ ಆರಿಸು ಎಂದು ಅದರ ಅರ್ಥ. ಹೊತ್ತಲ್ಲದ ಹೊತ್ತಿನಲ್ಲಿ ಕೆಟ್ಟ ಮಾತು ಆಡಿದರೆ ಮೇಲೆ ತಿರುಗಾಡುವ ಅಶ್ವಿನಿ ದೇವತೆಗಳು ಕೇಳಿಸಿಕೊಂಡು “ಅಸ್ತು” ಅಂದುಬಿಡುತ್ತಾರೆ, ಹಾಗೇ ಆಗಿಬಿಡುತ್ತದೆ ಎಂದು ಅತ್ತೆ ನಂಬಿದ್ದರು. ದೇವತೆಗಳಿಗೆ ಬೇರೆ ಕೆಲಸವೇ ಇಲ್ಲವೇ, ನಮ್ಮ ಹಟ್ಟಿಯ ಮೇಲೇ ಸದಾ ಕೂತಿರುತ್ತಾರೆಯೇ ಎಂದು ಒಂದು ಸಲ ಮಾವ ಕೇಳಿದ್ದಕ್ಕೆ ಅವರಿಗೆ ಆ ದಿನ ಮಜ್ಜಿಗೆ ‘ಹೆಚ್ಚಿತ್ತು’.

ನಾನು ನೆಲಮಂಗಲದ ಕಡೆಯವಳು. ರಸ್ತೆ ಪಕ್ಕದ ಮನೆ, ದಿನ ಬೆಳಗಾದರೆ ಗಾಡಿ ಹೊಡೆಯುವವರ ಬಾಯಿ ಕೇಳಿ ಬೆಳೆದವಳು. ನಮ್ಮಲ್ಲಿ ಉಪ್ಪು ಇಲ್ಲದಿದ್ದರೆ ಉಪ್ಪಿಲ್ಲ ಅಂತಲೇ ಕೂಗುತ್ತಿದ್ದರು. ಸಾಸಲು ಹೋಬಳಿಯ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ಅಡಿಗೆಮನೆಗೆ ಇಣುಕಿ, “ಉಪ್ಪು ಹೆಚ್ಚಿತು, ನೋಡ್ಕೋ” ಎಂದರು. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದುಕೊಂಡು ನಾನು ಒಂದು ಚೊಂಬು ನೀರು ಸುರಿದೆ. ಆಮೇಲೆ ಇನ್ನೂ ಅನುಮಾನ ಬಂದು ಇನ್ನೊಂದು ಚೊಂಬು. ಆವತ್ತು ಮನೆಯವರೆಲ್ಲ ಮುದ್ದೆಯನ್ನು ಕೆರೆಯ ನೀರಿನಲ್ಲಿ ಅದ್ದಿ ತಿಂದಂತೆ ತಿಂದು ಎದ್ದರು. ಅತ್ತೆ ಬೈಯಲಿಲ್ಲ. “ನಿಮ್ಮ ಕಡೇಲಿ ಮಾತು ಕಲ್ಸಕಿಲ್ವಾ ಮಕ್ಕಳಿಗೆ?” ಎಂದು ಮೆಲ್ಲಗೆ ಕೇಳಿದರು, ಅಷ್ಟೆ. ಬೈದಿದ್ದರೇ ವಾಸಿಯಿತ್ತು.

“ನಿಮ್ಮ ಕಡೆ” ಎನ್ನುವುದು ಅತ್ತೆಯ ಕೈಯಲ್ಲಿ ಚಾಟಿ. ಅದಕ್ಕೆ ಅಣ್ಣನೇ ಕಾರಣ. ನನ್ನ ಮದುವೆಯಲ್ಲಿ ಅವನು ಬೆಂಗಳೂರಿನಿಂದ ಗ್ಯಾಸ್‌ಲೈಟು ತಂದು ಚಪ್ಪರವನ್ನು ಹಗಲು ಮಾಡುತ್ತೇನೆ ಎಂದು ಬೀಗರ ಮುಂದೆ ಸಾರಿಕೊಂಡಿದ್ದ. ಲೈಟು ಬಂತು, ಬುಸ್ ಬುಸ್ ಅಂದಿತು, ಒಂದು ಸಲ ಹಲ್ಲು ಕಿರಿದು ಗಂಡಿನ ಸೋದರಮಾವನ ಮೀಸೆ ಸುಟ್ಟು ಸುಮ್ಮನಾಯಿತು. ಧಾರೆ ಕೈದೀಪದಲ್ಲೇ ಆಯಿತು. ಅಲ್ಲಿಂದ ಮುಂದೆ ಅಣ್ಣ ನಮ್ಮ ಊರಿಗೆ ಬಂದಾಗಲೆಲ್ಲ ಅತ್ತೆ ಒಳಗಿನಿಂದಲೇ “ಬೆಳಕು ತಂದ್ಯೇನಪ್ಪಾ?” ಎಂದು ವಿಚಾರಿಸುವರು. ಅವನು ನಗುತ್ತಲೇ ಕೂತಿರುತ್ತಿದ್ದ, ಆದರೆ ಕಿವಿ ಕೆಂಪಾಗುತ್ತಿತ್ತು.

ಆದ್ದರಿಂದ ನಾದಿನಿಯ ಮದುವೆ ಗೊತ್ತಾದಾಗ ನನಗೆ ಇದ್ದದ್ದು ಒಂದೇ ಆಸೆ. ಅಣ್ಣ ಬರಬೇಕು, ಬಾಯಿ ಬಿಗಿಹಿಡಿದು ಕೂರಬೇಕು, ಪಂಕ್ತಿಯಲ್ಲಿ ಮಾವನ ಪಕ್ಕ ಎಲೆ ಹಾಕಿಸಿಕೊಂಡು ತಲೆ ಎತ್ತಿ ಉಂಡು ಹೋಗಬೇಕು. ಅಷ್ಟಾದರೆ “ನಿಮ್ಮ ಕಡೆ”ಯ ಬಾಯಿಗೆ ಬೀಗ ಬೀಳುತ್ತದೆ ಎಂದು ಮನಸ್ಸಿನಲ್ಲೇ ದೇವರಿಗೆ ಹೇಳಿಕೊಂಡಿದ್ದೆ.

ಅದು ಯುದ್ಧದ ಕಾಲ. ನಮ್ಮೂರಿನಲ್ಲಿ ಸೌದೆ ಒಡೆಯುವ ಗಟ್ಟಿಗರೆಲ್ಲ ಯಲಹಂಕದ ಕಡೆ ಮಿಲಿಟರಿಯವರ ಕೂಲಿಗೆ ಹೋಗಿಬಿಟ್ಟಿದ್ದರು. ಮದುವೆಗೆಂದು ಮಾವ ಹಿತ್ತಿಲಿನ ಹಳೇ ಹುಣಸೆಮರವನ್ನು ಕಡಿಸಿ ತುಂಡು ಹಾಕಿಸಿದ್ದರು. ತುಂಡೇನೋ ಆಯಿತು, ಒಡೆಯುವವರು ಯಾರು? ಹುಣಸೆಯ ದಿಮ್ಮಿ ಅಂದರೆ ಗೊತ್ತಲ್ಲ, ಕೊಡಲಿ ಹಾಕಿದರೆ ಕೊಡಲಿಯನ್ನೇ ನುಂಗಿ ಕೂರುತ್ತದೆ. ನಮ್ಮ ಮನೆಯವರು ಒಂದು ಬೆಳಗ್ಗೆ ಪೂರಾ ಹೊಡೆದು, ಒಂದು ದಿಮ್ಮಿಯನ್ನೂ ಒಡೆಯದೆ, ಕೊಡಲಿಯ ಎರಡು ಕಾವು ಮುರಿದುಕೊಂಡು ಬಂದು ಜಗಲಿಯ ಮೇಲೆ ಬಿದ್ದುಕೊಂಡರು. “ಕಾವು ಹೆಚ್ಚಿತು” ಎಂದರು ಅತ್ತೆ.

ಆ ಸಮಯಕ್ಕೆ ಸರಿಯಾಗಿ ಅಣ್ಣ ಲಗ್ನಪತ್ರಿಕೆ ಇಸಕೊಳ್ಳಲು ಬಂದ. ದಿಮ್ಮಿಗಳ ರಾಶಿಯನ್ನು ನೋಡಿದ. ಅವನ ಕಣ್ಣಲ್ಲಿ ಆ ಗ್ಯಾಸ್‌ಲೈಟಿನ ಬೆಳಕು ಕಂಡ ಕೂಡಲೇ ನಾನು ಕೈಸನ್ನೆ ಮಾಡಿದೆ, ಬಾಯ್ಮುಚ್ಚು ಎಂದು. ಎಲ್ಲಿ!

“ಅತ್ತೆ, ಇದುಕ್ಕೆಲ್ಲ ಆಳು ಹುಡುಕ್ತಾ ಕೂತ್ಕೊಂಡ್ರೆ ಆಯ್ತದಾ? ನಾನು ಮಿಷನ್ ತರ್ತೀನಿ.”

“ಯಾವ ಮಿಷನ್ನಪ್ಪಾ?”

“ಸೌದೆ ಸೀಳೋ ಮಿಷನ್ನು. ಇಂಜಿನ್ ಇಟ್ಟು ಸೀಳ್ಬುಡೋದು. ಚಪ್ಪರದ ದಿನ ಬೆಳಗ್ಗೆ ಶುರು ಮಾಡಿದ್ರೆ ಊಟದೊತ್ಗೆ ರಾಶಿ ಖಾಲಿ.”

“ಖಾಲಿ ಅನ್ಬ್ಯಾಡ,” ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, “ಬೆಳಕು ಆಯ್ತು, ಈಗ ಸೌದೆ ತರ್ತಾನಂತೆ ನಿಮ್ಮಣ್ಣ,” ಎಂದರು.

ಅಣ್ಣನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಕೇಳಿದೆ.

“ಅಂಥಾ ಮಿಷನ್ ಎಲ್ಲೈತೋ ನಿನ್ ಹತ್ರ?”

“ಐತೆ ಅಂತಲೇ ಅಂದ್ಕೋ.”

“ಅಂದ್ಕೊಳ್ಳೋದಾ? ಐತಾ, ಇಲ್ವಾ?”

“ಅರ್ಧ ಐತೆ.”

ಆ ಅರ್ಧದ ಕಥೆ ಹೀಗೆ. ಅಣ್ಣನದು ನೆಲಮಂಗಲದಲ್ಲಿ ಅವಲಕ್ಕಿ ಮಿಲ್ಲು. ಇಂಜಿನ್ನು ಓಡುತ್ತದೆ, ಬೆಲ್ಟು ಎಳೆಯುತ್ತದೆ, ಮರದ ಚೌಕಟ್ಟಿನೊಳಗೆ ಒಂದು ಕಬ್ಬಿಣದ ಒನಕೆ ಮೇಲೇರಿ ಧಡ್ ಎಂದು ಬೀಳುತ್ತದೆ. ಯುದ್ಧ ಬಂದು ಬತ್ತಕ್ಕೆ ಕಂಟ್ರೋಲು ಬಂದ ಮೇಲೆ ಕುಟ್ಟಲು ಬತ್ತವಿಲ್ಲ, ಒನಕೆ ಸುಮ್ಮನೆ ನೇತಾಡುತ್ತಿತ್ತು. ಆ ಒನಕೆಯ ತುದಿಗೆ ಕಮ್ಮಾರನಿಂದ ಒಂದು ಗಡುಸು ಬೆಣೆ ಕೂರಿಸಿ, ಕೆಳಗೆ ಅವಲಕ್ಕಿಯ ಬದಲು ದಿಮ್ಮಿ ಇಟ್ಟರೆ ಸೀಳದೆ ಏನು ಮಾಡುತ್ತದೆ ಎನ್ನುವುದು ಅಣ್ಣನ ಲೆಕ್ಕ. ಮಿಷನ್ನಿಗೆ ತಾನು ಕುಟ್ಟುವುದು ಬತ್ತವೋ ಹುಣಸೆಯೋ ಗೊತ್ತಾಗುವುದಿಲ್ಲವಲ್ಲ ಎಂದು ಅವನೇ ನನಗೆ ಸಮಾಧಾನ ಹೇಳಿದ.

ಚಪ್ಪರದ ದಿನದ ಹಿಂದಿನ ಸಂಜೆ ಎರಡು ಗಾಡಿಗಳು ಬಂದವು. ಒಂದರಲ್ಲಿ ಇಂಜಿನ್ನು, ಇನ್ನೊಂದರಲ್ಲಿ ಒನಕೆಯ ಚೌಕಟ್ಟು. ಊರೆಲ್ಲ ಹಿಂದೆ. ಇಂಜಿನ್ನಿನ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತಿದ್ದವರು ಮೇಸ್ತ್ರಿ. ಬೆಂಗಳೂರಿನ ದಂಡಿನ ಕಡೆಯ ಸಾಬರು, ಇಂಜಿನ್ನು ಓಡಿಸುವುದರಲ್ಲಿ ಪಳಗಿದವರು. ಮನೆಮಾತು ಉರ್ದು, ಬೀದಿಮಾತು ತಮಿಳು. ಅಣ್ಣನ ಮಿಲ್ಲಿಗೆ ಸೇರಿ ಕೆಲವೇ ತಿಂಗಳಾಗಿದ್ದರಿಂದ ಕನ್ನಡ ಆಗತಾನೇ ಬಾಯಿಗೆ ಹತ್ತುತ್ತಿತ್ತು. ತುಂಬ ಮರ್ಯಾದೆಯ ಮನುಷ್ಯ. ಬಂದವರೇ ಅತ್ತೆಗೆ ಕೈ ಮುಗಿದು, “ಅಮ್ಮಾ, ನೀವು ಏನ್ ಹೇಳ್ತೀರಿ, ನಾನು ಅದೇ ಮಾಡ್ತೀನಿ,” ಎಂದರು. ಅತ್ತೆಗೆ ಬಹಳ ಹಿಡಿಸಿತು. “ನೋಡು, ಮನುಷ್ಯ ಅಂದ್ರೆ ಹಿಂಗಿರ್ಬೇಕು,” ಎಂದು ಅಣ್ಣನಿಗೆ ಕೇಳುವ ಹಾಗೆ ಹೇಳಿದರು.

ಮಾರನೆಯ ಬೆಳಗ್ಗೆ ಅಂಗಳದ ಒಂದು ಬದಿಗೆ ಚಪ್ಪರ, ಬಾಳೆಕಂಬ, ಮಾವಿನ ತೋರಣ. ಇನ್ನೊಂದು ಬದಿಗೆ ಮಿಷನ್ನು. ಅತ್ತೆ ಅದಕ್ಕೂ ಅರಿಸಿನ ಕುಂಕುಮ ಹಚ್ಚಿ ಒಂದು ತೆಂಗಿನಕಾಯಿ ಒಡೆದರು. ಸೀಮೆಎಣ್ಣೆಗೆ ಚೀಟಿ, ಕ್ರೂಡಾಯಿಲು ಕಣ್ಣಿಗೆ ಬೀಳದ ಕಾಲವಾದ್ದರಿಂದ ಅಣ್ಣ ಇಂಜಿನ್ನಿಗೆ ಹೊಂಗೆ ಎಣ್ಣೆ ಕುಡಿಸುತ್ತಿದ್ದ. ಮೇಸ್ತ್ರಿ ಅದರ ತಲೆಯನ್ನು ಊದುದೀಪದಿಂದ ಕೆಂಪಗೆ ಕಾಯಿಸಿ, ದೊಡ್ಡ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರು. ಇಂಜಿನ್ನು ಕೆಮ್ಮಿತು, ಸೀನಿತು, ಉಗಿಯಿತು, ಆಮೇಲೆ ಟುಕ್… ಟುಕ್… ಟುಕ್… ಎಂದು ಹಿಡಿದುಕೊಂಡಿತು. ಹೊಂಗೆ ಎಣ್ಣೆಯ ಹೊಗೆ ಎದ್ದು ಚಪ್ಪರದ ತುಂಬ ಕಜ್ಜಿಗೆ ಹಚ್ಚುವ ಔಷಧದ ವಾಸನೆ. ಮದುವಣಗಿತ್ತಿ ನಾದಿನಿ ಕಿಟಕಿಯಲ್ಲಿ ಮೂಗು ಮುಚ್ಚಿಕೊಂಡು, “ಅತ್ತಿಗೇ, ನಂಗೆ ಅರಿಸಿನ ಹಚ್ತಾರೋ ಹೊಂಗೆ ಎಣ್ಣೆ ಹಚ್ತಾರೋ?” ಎಂದಳು.

ಆದರೆ ಸುಳ್ಳು ಹೇಳಬಾರದು, ಮಿಷನ್ನು ಸೀಳಿತು. ಮಾವ ಪಂಚೆ ಎತ್ತಿ ಕಟ್ಟಿ, ರುಮಾಲು ಬಿಗಿದು, ಒಂದು ಉದ್ದನೆಯ ಬಿದಿರು ಗಳು ಹಿಡಿದು ನಿಂತರು. ದೂರದಿಂದಲೇ ಗಳುವಿನಿಂದ ದಿಮ್ಮಿಯನ್ನು ಒನಕೆಯ ಕೆಳಕ್ಕೆ ನೂಕುವುದು ಅವರ ಕೆಲಸ. ಒನಕೆ ನಿಧಾನವಾಗಿ ಏರುವುದು, ಒಂದು ಗಳಿಗೆ ಯೋಚನೆ ಮಾಡುವುದು, ಧಡ್! ದಿಮ್ಮಿ ಎರಡು ಹೋಳು. ಮತ್ತೆ ಧಡ್, ನಾಲ್ಕು ಹೋಳು. ನೆರೆದವರು ಪ್ರತಿ ಏಟಿಗೂ “ಹ್ಹಾ!” ಎನ್ನುವರು. ಅಣ್ಣ ಸೊಂಟದ ಮೇಲೆ ಕೈಯಿಟ್ಟು ಓಡಾಡುತ್ತಿದ್ದ. ಅತ್ತೆ ಜಗಲಿಯ ಕಂಬಕ್ಕೆ ಒರಗಿ ಕೂತು ಎಲೆಅಡಿಕೆ ಮಡಿಸುತ್ತ ನೋಡುತ್ತಿದ್ದರು. “ಪರವಾಗಿಲ್ಲ,” ಎಂದರು. ಅತ್ತೆಯ ಬಾಯಲ್ಲಿ ಪರವಾಗಿಲ್ಲ ಎಂದರೆ ಬೇರೆಯವರ ಬಾಯಲ್ಲಿ ಶಹಬ್ಬಾಸ್ ಎಂದಂತೆ. ನನಗೆ ಕುಣಿಯಬೇಕು ಅನ್ನಿಸಿತು. ಪಂಕ್ತಿಯಲ್ಲಿ ಅಣ್ಣನ ಎಲೆಗೆ ಯಾವ ಪಲ್ಯ ಜಾಸ್ತಿ ಬಡಿಸಲಿ ಎಂದು ಲೆಕ್ಕ ಹಾಕುತ್ತ ನಿಂತೆ.

ಎಲ್ಲ ಸರಿಯಾಗಿ ನಡೆಯುತ್ತಿದೆ ಎಂಬ ಧೈರ್ಯದ ಮೇಲೆ ಅಣ್ಣ ಚೊಂಬು ತೆಗೆದುಕೊಂಡು ಕೆರೆ ಕಡೆಗೆ ಹೋದ. ಮನುಷ್ಯ ಅಂದ ಮೇಲೆ ಹೋಗಲೇಬೇಕಲ್ಲ.

ಅವನು ಅತ್ತ ಹೋದ, ಇತ್ತ ಮಾವ ಒಂದು ಗಂಟುದಿಮ್ಮಿಯನ್ನು ನೂಕಿದರು. ಅದು ಹುಣಸೆಮರದ ಬುಡದ ತುಂಡು, ಜಡೆ ಹೆಣೆದ ಹಾಗೆ ನಾರು ನಾರಾಗಿ ತಿರುಚಿಕೊಂಡಿದ್ದದ್ದು. ಒನಕೆ ಬಿತ್ತು. ಸೀಳಲಿಲ್ಲ. ಬೆಣೆ ಅರ್ಧ ಒಳಗೆ ಹೋಗಿ ಕಚ್ಚಿಕೊಂಡಿತು. ಒನಕೆ ಮೇಲೇರಿದಾಗ ದಿಮ್ಮಿಯೂ ಅದರ ಜೊತೆ ಮೇಲೇರಿತು! ಕೋಳಿ ಕಚ್ಚಿಕೊಂಡ ನರಿಯ ಹಾಗೆ ಒನಕೆ ಆ ದಿಮ್ಮಿಯನ್ನು ಎತ್ತುವುದು, ನೆಲಕ್ಕೆ ಬಡಿಯುವುದು, ಎತ್ತುವುದು, ಬಡಿಯುವುದು. ಒಂದೊಂದು ಬಡಿತಕ್ಕೂ ಜಗಲಿ ನಡುಗಿತು. ಅತ್ತೆಯ ಎಲೆಅಡಿಕೆ ತಟ್ಟೆ ತಾನಾಗಿ ಸರಿದು ಕೆಳಗೆ ಬಿತ್ತು.

ಅತ್ತೆ ಎದ್ದು ನಿಂತರು. ಮಿಷನ್ನು ನಿಲ್ಲಿಸಬೇಕೆಂದು ಯಾರಿಗಾದರೂ ತಿಳಿಯುವ ಹಾಗಿತ್ತು. ಆದರೆ ಚಪ್ಪರದ ದಿನ, ತೋರಣ ಕಟ್ಟಿದ ಬಾಗಿಲು, ಮದುವಣಗಿತ್ತಿ ಕಿಟಕಿಯಲ್ಲಿ. ಉರಿಯುವ ಯಾವುದನ್ನೂ ‘ಆರಿಸು’ ಎನ್ನುವ ಹೆಂಗಸಲ್ಲ ಅವರು. ಮೇಸ್ತ್ರಿಯ ಕಡೆಗೆ ಕೈ ಬೀಸಿ ಕೂಗಿದರು.

“ದೊಡ್ಡದು ಮಾಡಪ್ಪಾ! ಇಂಜಿನ್ ದೊಡ್ಡದು ಮಾಡು!”

ಮೇಸ್ತ್ರಿ ಹೊಗೆಯ ಆ ಕಡೆ ಇದ್ದರು. ಒನಕೆ ಅವರಿಗೆ ಕಾಣುತ್ತಿರಲಿಲ್ಲ, ಅತ್ತೆಯ ಗಂಟಲು ಮಾತ್ರ ಕೇಳಿಸಿತು. ಅಮ್ಮ ಹೇಳಿದ್ದನ್ನೇ ಮಾಡುತ್ತೇನೆ ಎಂದು ಮಾತು ಕೊಟ್ಟವರು.

“ಆಯ್ತು ಅಮ್ಮಾ!” ಎಂದು ಎಣ್ಣೆಯ ಹಿಡಿಯನ್ನು ತಿರುಗಿಸಿದರು.

ಟುಕ್… ಟುಕ್… ಅನ್ನುತ್ತಿದ್ದದ್ದು ಟುಕುಟುಕುಟುಕು ಎಂದಿತು. ಒನಕೆಗೆ ದೆವ್ವ ಮೆಟ್ಟಿಕೊಂಡಿತು. ಗಂಟುದಿಮ್ಮಿ ನಾಲ್ಕು ಬಡಿತಕ್ಕೆ ಪುಡಿಪುಡಿಯಾಗಿ ದಿಕ್ಕುದಿಕ್ಕಿಗೆ ಹಾರಿತು. ಒಂದು ಚೂರು ಬಂದು ಮಾವನ ರುಮಾಲನ್ನು ಎತ್ತಿಕೊಂಡು ಹೋಗಿ ಬಾಳೆಗೊನೆಗೆ ಸುತ್ತಿತು.

“ಅಯ್ಯಯ್ಯೋ, ದೊಡ್ಡದು ಮಾಡೋ! ಬೇಗ ದೊಡ್ಡದು ಮಾಡೋ!”

“ಮಾಡ್ತಾ ಇದೀನಿ ಅಮ್ಮಾ! ಇನ್ನೂ ಬೇಕಾ?”

ಒನಕೆಯ ಬಡಿತದ ಎದುರಿಗೇ ನಿಂತ ಮಾವನಿಗೆ ಮಾತು ಕೇಳಿಸದು. ಹೆಂಡತಿ ಎರಡೂ ಕೈ ಬೀಸುವುದು ಮಾತ್ರ ಕಾಣಿಸುತ್ತದೆ. ಮದುವೆಯಾದಾಗಿನಿಂದ ಆ ಕೈ ಬೀಸಿದಾಗಲೆಲ್ಲ ಅದರ ಅರ್ಥ ಒಂದೇ ಆಗಿತ್ತು, ‘ಏನ್ ನಿಂತ್ಕೊಂಡು ನೋಡ್ತಿದ್ದೀಯ, ಕೆಲ್ಸ ಮಾಡು’ ಎಂದು. ಅವರು ಬೋಳು ತಲೆಯಲ್ಲೇ ಗಳು ಹಿಡಿದು ದಿಮ್ಮಿಯ ಮೇಲೆ ದಿಮ್ಮಿ ನೂಕತೊಡಗಿದರು. ಒನಕೆ ಅದನ್ನೆಲ್ಲ ಅವಲಕ್ಕಿ ಕುಟ್ಟಿದಂತೆ ಕುಟ್ಟಿತು. ಹಳೇ ಅಭ್ಯಾಸ. ಸೌದೆಯಾಗಿ ಬರಬೇಕಾದ್ದು ಪುಳ್ಳೆಯಾಗಿ, ಹಲ್ಲುಕಡ್ಡಿಯಾಗಿ ಸುರಿಯಿತು.

ಜಗಲಿಯ ಮೇಲಿದ್ದ ಹೆಂಗಸರೆಲ್ಲ ಈಗ ಅತ್ತೆಯ ಜೊತೆ ಸೇರಿಕೊಂಡರು. ಅವರೂ ಇದೇ ಸೀಮೆಯವರು, ಅವರಿಗೂ ಬಾಯಿಗೆ ಬಂದದ್ದು ಅದೇ ಮಾತು. “ದೊಡ್ಡದು ಮಾಡಿ! ದೊಡ್ಡದು ಮಾಡಿ!” ಎಂದು ಸೋಬಾನೆ ಹಾಡಿದ ಹಾಗೆ ಒಕ್ಕೊರಲು. ಇಷ್ಟೊಂದು ಜನ ಹೆಣ್ಣುಮಕ್ಕಳು ಇಷ್ಟು ಆಸೆಯಿಂದ ಕೇಳುವಾಗ ಮೇಸ್ತ್ರಿ ಬೇಡವೆನ್ನುವ ಮನುಷ್ಯನೇ? “ಲಾಸ್ಟ್ ಅಮ್ಮಾ! ಇದೇ ಲಾಸ್ಟ್!” ಎಂದು ಹಿಡಿಯನ್ನು ಕೊನೆಯವರೆಗೂ ತಿರುಗಿಸಿಬಿಟ್ಟರು.

ಆಗ ಇಂಜಿನ್ನು ನಡೆಯಲು ಶುರುಮಾಡಿತು. ಸುಳ್ಳಲ್ಲ. ಗಾಡಿಯ ಮೇಲೆ ಇದ್ದದ್ದು, ಗಾಲಿಗೆ ಕೊಟ್ಟಿದ್ದ ಕಲ್ಲು ಅದುರಿ ಅದುರಿ ಜಾರಿತ್ತು. ಕುಪ್ಪಳಿಸಿ ಕುಪ್ಪಳಿಸಿ, ಬೆಲ್ಟಿನ ಹಿಂದೆ ಚೌಕಟ್ಟನ್ನೂ ಎಳೆದುಕೊಂಡು, ಗಂಡು ಹೆಣ್ಣಿನ ಹಾಗೆ ಜೋಡಿಯಾಗಿ ಅವೆರಡೂ ಚಪ್ಪರದ ಕಡೆಗೆ ಹೊರಟವು. ಮೇಸ್ತ್ರಿ ಹಿಡಿಯನ್ನು ಬಿಡದೆ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದರು.

ಕೆರೆ ಏರಿಯ ಮೇಲೆ ಅಣ್ಣ ಕಾಣಿಸಿದ. ಚೊಂಬು ಹಿಡಿದುಕೊಂಡು ಓಡಿ ಬರುತ್ತಿದ್ದಾನೆ, ಏನೋ ಕೂಗುತ್ತಿದ್ದಾನೆ, ಆದರೆ ಅಷ್ಟು ದೂರದಿಂದ ಯಾರಿಗೆ ಕೇಳಿಸಬೇಕು? ಅವನು ಬರುವಷ್ಟರಲ್ಲಿ ಬಾಳೆಕಂಬ ಉರುಳಿರುತ್ತದೆ. ಹೆಣ್ಣಿನ ಚಪ್ಪರ ಬಿದ್ದ ಮನೆಯಲ್ಲಿ ಅಣ್ಣನಿಗೆ ಎಲೆ ಹಾಕುವವರು ಯಾರು? ಈ ಜನ್ಮಕ್ಕೆ ಅವನು ಈ ಹೊಸ್ತಿಲು ತುಳಿಯುವ ಹಾಗಿಲ್ಲ. ಇದೆಲ್ಲ ನನ್ನ ತಲೆಯಲ್ಲಿ ಮಿಂಚಿನ ಹಾಗೆ ಹಾದುಹೋಯಿತು. ಹೊಸ ಸೊಸೆ, ಹಿರಿಯರ ಮುಂದೆ ಗಟ್ಟಿಯಾಗಿ ಕೆಮ್ಮಿದವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಹಾರಿ, ನೆಲಮಂಗಲದ ಗಾಡಿಯವರ ಗಂಟಲಿನಲ್ಲಿ ಕೂಗಿದೆ.

“ಆರ್ಸ್ರೀ ಮೇಸ್ತ್ರಿ! ಆರ್ಸ್ರೀ ಅದ್ನ! ಪೂರಾ ಆರ್ಸಿಬಿಡ್ರೀ!”

ಮೇಸ್ತ್ರಿ ತಟ್ಟನೆ ಎಣ್ಣೆ ನಿಲ್ಲಿಸಿದರು. ಇಂಜಿನ್ನು ಒಂದು ಬಿಕ್ಕಳಿಕೆ ಬಿಕ್ಕಿ ನಿಂತಿತು. ಬಾಳೆಕಂಬಕ್ಕೂ ಅದಕ್ಕೂ ನಡುವೆ ಒಂದು ಕೋಳಿ ನಿಂತಿತ್ತು, ಅಷ್ಟೇ ಜಾಗ.

ಜಗಲಿಯ ತುಂಬ ಹೆಂಗಸರು ಕೆನ್ನೆಗೆ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಮದುವೆ ಮನೆ, ತೋರಣದ ಕೆಳಗೆ, ಮನೆಯ ಸೊಸೆ, ಆರಿಸು. ಅದೂ ಮೂರು ಸಲ.

“ಬಿಡ್ತು ಅನ್ನೇ!” ಎಂದು ಅತ್ತೆ ಕಿರುಚಿದರು. ಕೆಟ್ಟ ಮಾತು ಆಡಿದವರು ಕೂಡಲೇ ಬಿಡ್ತು ಅಂದುಬಿಟ್ಟರೆ ದೇವತೆಗಳು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

“ಬಿಡ್ತು! ಬಿಡ್ತು! ಬಿಡ್ತು!” ಎಂದೆ.

ಮೇಸ್ತ್ರಿ ಚಕ್ರಕ್ಕೆ ಕೈ ಹಾಕಿದರು. “ಮತ್ತೆ ಬಿಡ್ಲಾ ಅಮ್ಮಾ?”

“ಬ್ಯಾಡಾ!” ಎಂದು ಊರಿಗೆ ಊರೇ ಕೂಗಿತು.

ಅಣ್ಣ ಬಂದು ಸೇರಿದ. ಏದುಸಿರು, ಕೈಯಲ್ಲಿ ಖಾಲಿ ಚೊಂಬು. ರಾಶಿಯ ಕಡೆ ನೋಡಿದ. ದಿಮ್ಮಿ ಒಂದೂ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಮಂಡಿಯುದ್ದಕ್ಕೆ ಪುಳ್ಳೆ. ಮಾವ ಅದನ್ನು ದಾಟಿ ಬಂದು ಬಾಳೆಗೊನೆಯಿಂದ ರುಮಾಲು ಬಿಡಿಸಿಕೊಳ್ಳುತ್ತಿದ್ದರು. “ಊಟದೊತ್ಗೆ ಮುಂಚೇನೇ ಆಯ್ತಲ್ಲಪ್ಪಾ,” ಎಂದರು, ಪಾಪ, ನಿಜವಾದ ಸಂತೋಷದಿಂದ.

ಯಾರಿಗೋ ನಗು ತಡೆಯಲಿಲ್ಲ. ಆಮೇಲೆ ಯಾರಿಗೂ ತಡೆಯಲಿಲ್ಲ. ನಗಲಿಲ್ಲವೆಂದರೆ ಅಣ್ಣ ಮತ್ತು ನಾನು ಮಾತ್ರ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು, ನಗುವೋ ಕೋಪವೋ ಕಾಣಿಸಲಿಲ್ಲ. ಅಣ್ಣನ ಕಿವಿ ಕೆಂಪಾಯಿತು, ಕುತ್ತಿಗೆ ಕೆಂಪಾಯಿತು. ಯಾರನ್ನೂ ಏನೂ ಕೇಳದೆ ಮೇಸ್ತ್ರಿಯನ್ನು ಕರೆದು ಬೆಲ್ಟು ಬಿಚ್ಚಿಸಿದ. ಚೌಕಟ್ಟನ್ನು ಗಾಡಿಗೆ ಏರಿಸಿ ಎತ್ತು ಹೂಡತೊಡಗಿದ.

ನಾನು ಗಾಡಿಯ ಮೂಕಿ ಹಿಡಿದುಕೊಂಡೆ. “ನಾಳೆ ಧಾರೆ ಕಣೋ. ಉಂಡು ಹೋಗೋ.”

“ಯಾವ ಮುಖ ಇಟ್ಕೊಂಡು ಉಣ್ಲಿ? ಬಿಡು ಮೂಕಿ.”

“ನೀನು ಇವತ್ತು ಹೋದ್ರೆ ನಾನು ಈ ಮನೇಲಿ ಹೆಂಗಿರ್ಲಿ?”

“ಇರ್ತೀಯ ಬಿಡು. ಮೂರು ಸಲ ಆರ್ಸಿ ಅಂದ್ಯಂತಲ್ಲ, ನಿಂಗೇನು ಭಯ?”

ಆ ಹೊತ್ತಿಗೆ ಅಡಿಗೆಯವರು ಪುಳ್ಳೆಯ ರಾಶಿಗೆ ಕೈ ಹಾಕಿ ಮುರಿದು ನೋಡುತ್ತಿದ್ದರು. ಹುಣಸೆಮರ ಕಡಿದು ಹೆಚ್ಚು ದಿನವಾಗಿರಲಿಲ್ಲ, ಒಳಗೆಲ್ಲ ಹಸಿ. “ಅಮ್ಮಾ, ದಪ್ಪ ಸೌದೆ ಆಗಿದ್ರೆ ನಾಳೆ ಹೊಗೇನೇ ಬಡಿಸ್ಬೇಕಾಗಿತ್ತು. ಇದು ಇವತ್ತಿನ್ ಬಿಸ್ಲಿಗೆ ಒಣಗ್ತದೆ. ಉರ್ದು ಬೇಗ ಹೋಯ್ತದೆ, ಅದೊಂದೇ. ಒಲೆ ಮುಂದೆ ಒಬ್ರು ಕೂತು ಹಾಕ್ತಾನೇ ಇರ್ಬೇಕು,” ಎಂದು ಜಗಲಿಯ ಕಡೆ ಹೇಳಿದರು.

ಅತ್ತೆ ಅದನ್ನು ಕೇಳಿಸಿಕೊಂಡರು. ಜಗಲಿ ಇಳಿದು ಗಾಡಿಯ ಹತ್ತಿರ ಬಂದರು. ನಾನು ಮೂಕಿ ಬಿಟ್ಟು ಹಿಂದೆ ಸರಿದೆ. ಅಣ್ಣ ತಲೆ ಎತ್ತದೆ ಹಗ್ಗ ಬಿಗಿಯುತ್ತ, “ಹೋಗ್ತೀನಿ ಅತ್ತೆ,” ಎಂದ.

“ಏನಂದೆ?”

“ಹೋಗ್ತೀನಿ ಅಂದೆ.”

“ಮದ್ವೆ ಮನೇಲಿ ಹೋಗ್ತೀನಿ ಅಂತಾರೇನಪ್ಪಾ? ಬರ್ತೀನಿ ಅನ್ನು.”

“ಆಯ್ತು. ಬರ್ತೀನಿ.”

“ಹಂಗಾದ್ರೆ ಬಾ.”

ಅಣ್ಣನಿಗೆ ತಿಳಿಯಲಿಲ್ಲ. ಹಗ್ಗ ಹಿಡಿದುಕೊಂಡು ನಿಂತ.

“ಬರ್ತೀನಿ ಅಂದ್ಯಲ್ಲ? ಬಾ ಮತ್ತೆ. ಒಳಕ್ಕೆ ಬಾ. ಕಾಲು ತೊಳ್ಕೊ, ಚೊಂಬು ಅಲ್ಲಿಡು, ಎಲೆ ಹಾಕವ್ರೆ. ಮೇಸ್ತ್ರಿ, ನೀವೂ ಬನ್ನಿ. ನಾನ್ ಹೇಳಿದ್ದು ಮಾಡ್ತೀನಿ ಅಂದಿದ್ರಲ್ಲ? ಕೂತ್ಕೊಂಡು ಹೊಟ್ಟೆ ತುಂಬ ಉಣ್ಣಿ.”

ಅಣ್ಣ ನನ್ನ ಮುಖ ನೋಡಿದ, ಅತ್ತೆಯ ಮುಖ ನೋಡಿದ. ಮಾತಿಗೆ ಸಿಕ್ಕಿಬಿದ್ದಿದ್ದ. ತನ್ನ ಬಾಯಿಂದಲೇ ಬರ್ತೀನಿ ಎಂದಾಗಿತ್ತು, ದೇವತೆಗಳು ಅಸ್ತು ಅಂದಾಗಿತ್ತು. ಎತ್ತಿನ ಕೊರಳ ಹಗ್ಗ ಬಿಚ್ಚಿದ.

ಮಾರನೆಯ ದಿನ ಧಾರೆಯಾದ ಮೇಲೆ ಮೊದಲ ಪಂಕ್ತಿಯಲ್ಲಿ ಮಾವನ ಪಕ್ಕ ಅವನ ಎಲೆ. ನಾನು ಬಡಿಸಲು ಹೋಗಲಾಗಲಿಲ್ಲ. ಒಲೆಯ ಮುಂದೆ ಕೂತು ಹಿಡಿ ಹಿಡಿಯಾಗಿ ಪುಳ್ಳೆ ಹಾಕುತ್ತಿದ್ದವಳು ನಾನೇ, ಎದ್ದರೆ ಅನ್ನ ಅರೆಬೇಯುತ್ತದೆ. ಆದರೆ ಬಾಗಿಲ ಸಂದಿಯಿಂದ ಎಲ್ಲ ಕಾಣುತ್ತಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಅಂಗಳದ ರಾಶಿಯನ್ನು ನೋಡಿ, “ಇಷ್ಟು ಸಣ್ಣಗೆ ಸೌದೆ ಸೀಳಿದವರು ಯಾರಮ್ಮಾ? ನಮ್ಮ ಕಡೆ ನೋಡಿಲ್ಲ,” ಎಂದು ಆಶ್ಚರ್ಯಪಟ್ಟರು. ಅತ್ತೆ ಪಾಯಸದ ಪಾತ್ರೆ ಹಿಡಿದು ಬಗ್ಗಿದ್ದವರು ನೆಟ್ಟಗಾದರು. “ನಮ್ಮ ಸೊಸೆ ಕಡೆಯೋರು ಮಿಷನ್ನಲ್ಲಿ ಸೀಳಿದ್ದು. ಇಂಜಿನ್ನಿಟ್ಟು. ನಿಮ್ಮ ಕಡೆ ಇಲ್ಲೇನು?” ಎಂದರು.

“ಕಡೆ” ಎನ್ನುವ ಮಾತು ಅತ್ತೆಯ ಬಾಯಲ್ಲಿ ಅಷ್ಟು ಸಿಹಿಯಾಗಿ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹೊಗೆಯಿಲ್ಲದ ಒಲೆಯ ಮುಂದೆ ನನ್ನ ಕಣ್ಣಲ್ಲಿ ನೀರು ಬಂತು.

ಅಣ್ಣ ಸುಮ್ಮನೆ ಉಂಡು ಎದ್ದಿದ್ದರೆ ಚೆನ್ನಾಗಿತ್ತು. ಅತ್ತೆ ಎರಡನೆಯ ಸಲ ಪಾಯಸ ಬಡಿಸುತ್ತ, ಒಂದು ಉಪಚಾರದ ಮಾತು ಇರಲಿ ಎಂದು, “ಹಪ್ಪಳದ ಹಿಟ್ಟು ಕುಟ್ಟೋಕ್ಕೂ ಇಂಥದೊಂದು ಇದ್ದಿದ್ರೆ ನಮ್ಮ ರಟ್ಟೆ ಉಳೀತಿತ್ತು ನೋಡು,” ಎಂದುಬಿಟ್ಟರು. ಅಣ್ಣನ ಕೈ ಪಾಯಸದ ಮೇಲೇ ನಿಂತಿತು. ಅವನು ಮಾವನ ಆಚೆ ಕೂತಿದ್ದ ಮೇಸ್ತ್ರಿಯ ಕಡೆ ಬಗ್ಗಿ ನೋಡಿದ. ಮೇಸ್ತ್ರಿ ಆಗುತ್ತದೆ ಎನ್ನುವಂತೆ ನಿಧಾನವಾಗಿ ತಲೆಯಾಡಿಸಿದರು.

“ಅತ್ತೆ,” ಎಂದ ಅಣ್ಣ, “ಅದೇನು ಮಹಾ!”